ಹಂದಿ ಕಾಯುವ ಅಟ್ಟಣೆ ಎಲ್ಲಿ ಕಟ್ಟಬೇಕು

ನಮ್ಮ ಮಾವನಿಗೆ ಯಾವ ಕೆಲಸಕ್ಕೇ ಹೋಗಲಿ, ಮೊದಲು ತಾವು ಕೂರುವ ಜಾಗ ನೋಡಿಕೊಳ್ಳುವ ಅಭ್ಯಾಸ. ಮದುವೆ ಮನೆಯಲ್ಲಿ ಫ್ಯಾನಿನ ಕೆಳಗೆ, ಬಸ್ಸಿನಲ್ಲಿ ಡ್ರೈವರ್ ಹಿಂದೆ, ಸಾವಿನ ಮನೆಯಲ್ಲಿ ಬೀಡಿ ಸೇದಲು ಅನುಕೂಲವಾಗುವಂತೆ ಜಗುಲಿಯ ತುದಿಗೆ. ಹಾಗಾಗಿ ನನ್ನ ಜೋಳದ ಹೊಲಕ್ಕೆ ಹಂದಿ ಬೀಳತೊಡಗಿದಾಗಲೂ ಅದು ಯಾವ ಕಡೆಯಿಂದ ಬರುತ್ತದೆ ಎನ್ನುವುದಕ್ಕಿಂತ ತಾವು ಎಲ್ಲಿ ಕೂರಬೇಕು ಎನ್ನುವುದೇ ಅವರಿಗೆ ದೊಡ್ಡ ಯೋಚನೆಯಾಯಿತು. ಆ ಒಂದು ಹಂಗಾಮಿನಲ್ಲಿ ಕಾವಲಿನ ಅಟ್ಟಣೆಯನ್ನು ಕಟ್ಟಿ, ಬಿಚ್ಚಿ, ಮತ್ತೊಂದು ಕಡೆ ಕಟ್ಟಿ ಅವರು ನನ್ನ ಜೀವ ಹಿಂಡಿದ್ದನ್ನು ನೆನೆಸಿಕೊಂಡರೆ ಈಗಲೂ ಮೈಯೆಲ್ಲ ಉರಿಯುತ್ತದೆ.

ನಾನು ಹುಟ್ಟಿ ಬೆಳೆದದ್ದು ಚನ್ನರಾಯಪಟ್ಟಣದಲ್ಲಿ. ಮದುವೆಯಾಗಿ ಬಂದದ್ದು ಅರಕಲಗೂಡು ರಸ್ತೆಯಿಂದ ಒಳಗೆ ನಡೆದು ಹೋಗಬೇಕಾದ ಒಂದು ಊರಿಗೆ. ತೊಂಬತ್ತರ ದಶಕದ ಕೊನೆಯ ವರ್ಷಗಳು. ಗಂಡ ಹೊಳೆನರಸೀಪುರದ ಒಂದು ಹೈಸ್ಕೂಲಿನಲ್ಲಿ ಗುಮಾಸ್ತರು, ಶನಿವಾರ ಸಂಜೆಯ ಬಸ್ಸಿಗೆ ಬಂದು ಸೋಮವಾರ ಬೆಳಿಗ್ಗೆ ಹೋಗುವವರು. ಅತ್ತೆ ನಾನು ಬರುವ ಮುಂಚೆಯೇ ತೀರಿಹೋಗಿದ್ದರು. ಮನೆಯಲ್ಲಿ ಮಾವ, ನಾನು, ನನ್ನ ಪುಟ್ಟ ಮಗಳು. ಹೊಲದಲ್ಲಿ ಮಾತ್ರ ಎಲ್ಲಿ ನೋಡಿದರೂ ಹೊಗೆಸೊಪ್ಪು.

ಹೊಗೆಸೊಪ್ಪು ಬೆಳೆಯದವರಿಗೆ ಅದರ ಸಂಕಟ ಹೇಳಿದರೆ ಅರ್ಥವಾಗುವುದಿಲ್ಲ. ಹಸಿ ಎಲೆ ಮುರಿದು ತಂದು, ಒಂದೊಂದೇ ಕಡ್ಡಿಗೆ ಕಟ್ಟಿ, ಬ್ಯಾರನ್ನಿನೊಳಗೆ ಸಾಲಾಗಿ ಏರಿಸಿ, ಹಗಲೂ ರಾತ್ರಿ ಬೆಂಕಿ ಹಾಕಿ ಒಣಗಿಸಬೇಕು. ಬ್ಯಾರನ್ ಎಂದರೆ ಕಿಟಕಿಯಿಲ್ಲದ ಎತ್ತರದ ಮನೆ, ಅಷ್ಟೆ. ಎಲೆ ಕಟ್ಟುವುದು ಹೆಂಗಸರ ಕೆಲಸ. ಮಳೆಯಲ್ಲಿ ನೆನೆದ ಎಲೆಯಾದರಂತೂ ಮಧ್ಯಾಹ್ನದೊಳಗೆ ತಲೆ ಸುತ್ತಿ ವಾಂತಿ ಬರುತ್ತಿತ್ತು. ಕೈಗೆ ಹತ್ತಿದ ಕರಿ ಅಂಟು ಸೋಪಿಗೂ ಹೋಗುವುದಿಲ್ಲ, ಹುಣಸೆಹಣ್ಣಿಗೂ ಹೋಗುವುದಿಲ್ಲ. ಆ ಕೈಯಲ್ಲಿ ಕಲೆಸಿದ ಅನ್ನ ಕಹಿ. ಮಗಳಿಗೆ ತುತ್ತು ಇಟ್ಟರೆ ಮುಖ ಕಿವುಚಿ ಉಗುಳುತ್ತಿದ್ದಳು. "ಅಮ್ಮನ ಕೈ ಬ್ಯಾಡ, ತಾತನ ಕೈ" ಎನ್ನುತ್ತಿದ್ದಳು. ಎಲೆ ಮುಟ್ಟದ ತಾತ ತೊಡೆಯ ಮೇಲೆ ಕೂರಿಸಿಕೊಂಡು ಉಣ್ಣಿಸುವರು, ನಾನು ಬಾಗಿಲಲ್ಲಿ ನಿಂತು ನೋಡುವೆ. ಒಂದು ದಿನ ಅಡುಗೆಮನೆಗೆ ಹೋಗಿ ಬಿಕ್ಕಿ ಬಿಕ್ಕಿ ಅತ್ತೆ. ಮಾವನ ಮೇಲೆ ಅವತ್ತು ಬಂದ ಸಿಟ್ಟು ಪೂರ್ತಿ ಇಳಿಯಲೇ ಇಲ್ಲ.

ಹೊಗೆಸೊಪ್ಪು ಬಿಡೋಣ, ಜೋಳ ಹಾಕೋಣ ಎಂದು ಎರಡು ವರ್ಷ ಬಾಯಿ ಬಡಿದುಕೊಂಡೆ. ಕೊನೆಗೆ ಮಾವ ಒಂದು ಸಂಜೆ, ನನ್ನ ಕಾಟ ತಾಳಲಾರದೆಯೋ ಏನೋ, ಹಳ್ಳದ ಪಕ್ಕದ ಕೆಳಗಿನ ಹೊಲವನ್ನು ನನಗೆ ಬಿಟ್ಟರು.

"ಜೋಳ ಹಾಕ್ಕೋ ಓಗವ್ವ. ಬೆಳೆ ಪೂರ್ತಿ ಮನೆ ಸೇರುದ್ರೆ ಮುಂದ್ಲ ವರ್ಸ ಬ್ಯಾರನ್ಗೆ ಬೆಂಕಿ ಹಾಕಾಕಿಲ್ಲ. ಸೇರ್ನಿಲ್ಲ ಅಂದ್ರೆ ಬಾಯ್ ಮುಚ್ಕೊಂಡು ಸೊಪ್ಪು ಕಟ್ಬೇಕು. ಒಪ್ಗೆನಾ?"

"ಒಪ್ಪಿಗೆ ಮಾವ," ಎಂದೆ. 'ಪೂರ್ತಿ' ಎಂಬ ಮಾತನ್ನು ಅವರು ಒತ್ತಿ ಹೇಳಿದ್ದು ಕಿವಿಗೆ ಬಿದ್ದಿತ್ತು. ಆದರೆ ಖುಷಿಯಲ್ಲಿ ಅದನ್ನು ತಲೆಗೆ ಹಾಕಿಕೊಳ್ಳಲಿಲ್ಲ.

ಜೋಳ ಆಳೆತ್ತರ ಬಂತು. ತೆನೆಯಲ್ಲಿ ಹಾಲು ತುಂಬಿತು. ಆ ವಾರವೇ ಹಂದಿ ಬಿತ್ತು. ಬೆಳಿಗ್ಗೆ ಹೋಗಿ ನೋಡಿದರೆ ಹಳ್ಳದ ಕಡೆಯ ಅಂಚಿನಲ್ಲಿ ದಂಟುಗಳು ಮಲಗಿವೆ, ತೆನೆಗಳನ್ನು ಅಗಿದು ಉಗಿದು ಹಾಕಿದೆ. ನಾನು ಅಲ್ಲೇ ಬದುವಿನ ಮೇಲೆ ಕುಸಿದು ಕೂತೆ. ಹಿಂದೆಯೇ ಬಂದ ಮಾವ ಬಗ್ಗಿ ನೆಲ ನೋಡಿದವರು ಎದ್ದು ನಿಂತಾಗ ಅವರ ಮುಖ ಬೆಳಗುತ್ತಿತ್ತು.

"ಒಂಟಿಗ ಕಣವ್ವ! ಗಂಡು. ಎಜ್ಜೆ ನೋಡು, ನನ್ನ ಅಂಗೈ ಅಗ್ಲ ಐತೆ. ಇಂತಾದ್ದು ನೋಡಿ ಎಷ್ಟು ಕಾಲ ಆಗಿತ್ತು!"

ಮಗಳನ್ನು ನೋಡಲು ಗಂಡಿನ ಕಡೆಯವರು ಬಂದಿದ್ದಾರೆ ಎಂಬಷ್ಟು ಸಂಭ್ರಮ. ವಯಸ್ಸಿನಲ್ಲಿ ಮಾವ ಬೇಟೆ ಆಡಿದವರು. ಕಾಯಿದೆ ಬಿಗಿಯಾದ ಮೇಲೆ ಕೋವಿಯನ್ನು ಸ್ಟೇಷನ್ನಿಗೆ ಒಪ್ಪಿಸಿ ಬಂದವರು ಆಮೇಲೆ ಅದರ ಮಾತೇ ಆಡಿರಲಿಲ್ಲವಂತೆ. ಈಗ ಕೋವಿ ಇಲ್ಲ, ಹಂದಿಯನ್ನು ಹೊಡೆಯುವಂತೆಯೂ ಇಲ್ಲ, ಹೆದರಿಸಿ ಓಡಿಸಬಹುದು ಅಷ್ಟೆ. ಆದರೂ ಒಂಟಿ ಗಂಡು ಹಂದಿಯನ್ನು ಕಾಯುವುದು ಎಂದರೆ ಅವರಿಗೆ ಹರೆಯ ಮರಳಿದ ಹಾಗೆ. ನನಗೆ ತೆನೆ ಹೋದ ಸಂಕಟ, ಅವರಿಗೆ ಹಂದಿ ಬಂದ ಸಡಗರ.

ಮೊದಲ ಅಟ್ಟಣೆಯನ್ನು ಹೊಲದ ಪಡುವಲ ದಿಕ್ಕಿನ ದಿಣ್ಣೆಯ ಮೇಲೆ, ಹೊಂಗೆ ಮರದ ಕವಲಿಗೆ ಕಟ್ಟಿದರು. ಅಲ್ಲಿಗೇ ಯಾಕೆ? ನೆರಳು ಚೆನ್ನಾಗಿದೆ, ಗಾಳಿ ಬರುತ್ತದೆ, ಇಡೀ ಹೊಲ ಕಾಣುತ್ತದೆ. ಮುಖ್ಯವಾಗಿ ರಸ್ತೆ ಕಾಣುತ್ತದೆ. ಸಂಜೆಯಾದರೆ ಮಾವ ಕಂಬಳಿ, ಬೀಡಿ, ಬ್ಯಾಟರಿ, ಪಟಾಕಿ ಸರ ಎಲ್ಲ ಹಿಡಿದು ಹತ್ತಿ ಕೂರುವರು. ಹಾಲು ಹಾಕಿ ಬರುವವರೆಲ್ಲ ರಸ್ತೆಯಿಂದ "ಏನ್ ಗೌಡ್ರೇ, ಬಂತಾ?" ಎಂದು ಕೂಗುವರು. ಇವರು ಮೇಲಿನಿಂದ "ಇನ್ನೂ ಇಲ್ಲ ಕಣ್ಲಾ, ಬತ್ತದೆ, ಬತ್ತದೆ" ಎಂದು ಅದಕ್ಕಿಂತ ಜೋರಾಗಿ ಕೂಗುವರು. ಇಷ್ಟು ಗಲಾಟೆಯಾದ ಮೇಲೆ ಯಾವ ಹಂದಿ ತಾನೇ ಮಾನವಾಗಿ ಎದುರಿಗೆ ಬಂದೀತು?

ಇದಕ್ಕೂ ಮುಂಚಿನ ಕಥೆ ಇನ್ನೊಂದಿದೆ. ಅಟ್ಟಣೆ ಕಟ್ಟಿದ ದಿನ ಪೂಜೆಯಾಗಬೇಕು. ಇದು ಅವರ ಮನೆಯ ಪದ್ಧತಿ. ಬುಡಕ್ಕೆ ಅರಿಶಿನ ಕುಂಕುಮ, ಸಾಂಬ್ರಾಣಿ ಹೊಗೆ, ಒಡೆದ ಕಾಯಿ, ಬಾಳೆಹಣ್ಣು, ಬೆಲ್ಲ ಬೆರೆಸಿದ ಕಡಲೆ. ಬಾಳೆ ಎಲೆಯ ಮೇಲೆ ಎಡೆ ಇಟ್ಟು ಹಿಂತಿರುಗಿ ನೋಡದೆ ಮನೆಗೆ ಬರಬೇಕು. ಮೊದಲ ರಾತ್ರಿ ಅಟ್ಟಣೆ ದೇವರದು, ಮನುಷ್ಯರು ಹತ್ತುವಂತಿಲ್ಲ. ಮಾರನೆಯ ಬೆಳಿಗ್ಗೆ ಎಲೆ ಖಾಲಿಯಾಗಿತ್ತು, ನೆಕ್ಕಿದಷ್ಟು ಚೊಕ್ಕಟ. ಮಾವ ಕೈ ಮುಗಿದು, "ದ್ಯಾವ್ರು ಒಪ್ಕೊಂಡ್ತು ಕಣವ್ವ," ಎಂದರು.

ಎಲೆಯ ಸುತ್ತ ಅಂಗೈ ಅಗಲದ ಗೊರಸಿನ ಗುರುತು ಮೂಡಿತ್ತು. ತೋರಿಸಿದೆ. ಮಾವ ಕಿವಿ ಮೇಲೆ ಹಾಕಿಕೊಳ್ಳಲಿಲ್ಲ. ಕಾಯಿ ಯಾರದು? ನನ್ನ ತವರಿನದು. ನನ್ನ ಅಣ್ಣ ಚನ್ನರಾಯಪಟ್ಟಣದಿಂದ ಚೀಲ ತುಂಬಿ ಬಸ್ಸಿನ ಮೇಲೆ ಹಾಕಿ ಕಳಿಸಿದ್ದು. ಚಟ್ನಿಗೆ ಅರ್ಧ ಹೋಳು ಹೆಚ್ಚು ತುರಿದರೆ "ಕೈ ಬಿಗಿ ಇರ್ಲಿ" ಎನ್ನುವ ಮಾವ ಹಂದಿಗೆ ಇಡೀ ಕಾಯಿ ಒಡೆದು ಬಡಿಸಿ ಬಂದಿದ್ದರು.

ದಿಣ್ಣೆಯ ಮೇಲೆ ಅವರು ಕೂತ ವಾರವೆಲ್ಲ ಹಂದಿ ಬರುವುದೂ ನಿಲ್ಲಲಿಲ್ಲ, ಇವರ ಕಣ್ಣಿಗೂ ಬೀಳಲಿಲ್ಲ. ಇವರು ಕೂತಿರುವಷ್ಟು ಹೊತ್ತು ಹಳ್ಳದಲ್ಲೇ ತಡೆದು ನಿಂತು, ಇವರು ಕಂಬಳಿ ಹೊದ್ದು ಗೊರಕೆ ಹೊಡೆಯತೊಡಗಿದ ಮೇಲೆ ದೂರದ ಮೂಲೆಗೆ ನುಗ್ಗುತ್ತಿತ್ತು. ನಾನು ಹುಲ್ಲು ಕುಯ್ಯಲು ಹೋದಾಗ ಹಳ್ಳದ ದಡದಲ್ಲಿ ಒಂದು ಅತ್ತಿ ಮರ ಕಂಡೆ. ಬುಡದಿಂದ ನನ್ನ ಸೊಂಟದವರೆಗೆ ಕೆಸರು ಮೆತ್ತಿತ್ತು, ಕೆಸರಿನಲ್ಲಿ ಬಿರುಸು ಕೂದಲು ಅಂಟಿತ್ತು. ಪಕ್ಕದಲ್ಲೇ ಹೊರಳಾಡಿದ ಕೆಸರು ಗುಂಡಿ. ಅಲ್ಲಿಂದ ಒಂದು ಸವೆದ ಜಾಡು ನೇರ ನನ್ನ ಹೊಲದ ಮಧ್ಯಕ್ಕೆ ಹೋಗಿತ್ತು. ಹೊರಳಿ, ಮೈ ಉಜ್ಜಿ, ಊಟಕ್ಕೆ ಹೋಗುವ ದಾರಿ ಅದು.

ಭಾನುವಾರ ಗಂಡನಿಗೆ ತೋರಿಸಿದೆ. ಅದೇ ನನ್ನ ತಪ್ಪಾಯಿತು. ಅವರು ಶರ್ಟಿನ ತೋಳು ಮಡಿಸಿ, ಮರವನ್ನು ಒಂದು ಸುತ್ತು ಹಾಕಿ, "ಇಷ್ಟೇನಾ? ಇದೇ ಮರದ ಮೇಲೇ ಕಟ್ಟಿದ್ರಾಯ್ತಲ್ಲ. ಅದು ಮೈ ಉಜ್ಜೋಕೆ ಬಂದಾಗ ತಲೆ ಮೇಲೇ ಪಟಾಕಿ ಬಿಡಬೋದು," ಎಂದರು.

"ರೀ, ಅದು ದಿನಾ ಮೂಸೋ ಮರ. ಮನುಷ್ಯರ ವಾಸನೆ ಹತ್ತಿದ್ರೆ ಇತ್ತ ಬರುತ್ತಾ?" ಎಂದೆ.

ಅಪ್ಪ ಮಗ ಇಬ್ಬರೂ ನನ್ನ ಕಡೆ ನೋಡಿದ ರೀತಿಯನ್ನು ಮರೆಯುವುದು ಕಷ್ಟ. ಜೀವಮಾನದಲ್ಲಿ ಯಾವತ್ತೂ ಒಂದೇ ಮಾತಿಗೆ ಬಾರದವರು ಅವತ್ತು ಮಾತ್ರ ಒಂದಾಗಿಬಿಟ್ಟರು. ದಿಣ್ಣೆಯ ಅಟ್ಟಣೆ ಬಿಚ್ಚಿ ಅತ್ತಿ ಮರಕ್ಕೆ ಕಟ್ಟಿದರು. ಬೆವರು ಒರೆಸಿದ ಟವಲ್ಲು, ಸೇದಿ ಎಸೆದ ಬೀಡಿ, ಹಗ್ಗ, ಮಚ್ಚು ಎಲ್ಲ ಜಾಡಿನ ಮೇಲೆಯೇ. ಮತ್ತೆ ಪೂಜೆ, ಮತ್ತೆ ನನ್ನ ತವರಿನ ಕಾಯಿ, ಮತ್ತೆ ದೇವರ ರಾತ್ರಿ. "ಇನ್ನೊಂದ್ಸಲ ಎಡೆ ಇಡಬೇಡಿ ಮಾವ" ಎಂದು ಅಂಗಲಾಚಿದೆ.

"ಪೂಜೆ ಇಲ್ದೆ ಅಟ್ಟಣೆ ಅತ್ತಾಕಾಯ್ತದಾ? ನಾನು ಬ್ಯಾಟೆ ಆಡ್ತಿದ್ದಾಗ ನೀನು ಉಟ್ಟೇ ಇರ್ನಿಲ್ಲ ಕಣವ್ವ," ಎಂದರು.

ಆ ಪೂಜೆಯಲ್ಲಿ ನಾನು ಹಣೆ ಚಚ್ಚಿಕೊಳ್ಳುತ್ತ ನಿಂತಿದ್ದಾಗಲೇ ಸಾಂಬ್ರಾಣಿಯ ಹೊಗೆ ಕಂಡದ್ದು. ಹೊಗೆ ಮೇಲೇಳದೆ ನೆಲಕ್ಕೆ ಬಾಗಿ ಪಡುವಲಿನಿಂದ ಮೂಡಲಿಗೆ ಹರಿಯುತ್ತಿತ್ತು. ಆಗ ನೆನಪಾಯಿತು, ಮೊದಲ ಪೂಜೆಯಲ್ಲೂ ಹೀಗೆಯೇ ದಿಣ್ಣೆಯಿಂದ ಜಾರಿ ಜಾಡಿನ ಕಡೆಗೇ ಹೋಗಿತ್ತು. ಮಳೆಗಾಲವೆಲ್ಲ ನಮ್ಮಲ್ಲಿ ಬೀಸುವುದು ಪಡುವಲ ಗಾಳಿಯೇ. ಅಂದರೆ ಮಾವ ದಿಣ್ಣೆಯ ಮೇಲೆ ಕೂತು ಬಿಟ್ಟ ಬೀಡಿ ಹೊಗೆಯೆಲ್ಲ ನೇರ ಹಂದಿಯ ಮೂಗಿಗೆ ಹೋಗುತ್ತಿತ್ತು. ಕೂರಬೇಕಾದದ್ದು ಜಾಡಿನ ಆಚೆ, ಮೂಡಲ ಮೂಲೆಯಲ್ಲಿ. ಆದರೆ ಆ ಮೂಲೆಯಲ್ಲಿ ಯಾರು ಕೂತಾರು? ನೀರು ನಿಂತ ತಗ್ಗು, ಲಂಟಾನದ ಮೆಳೆ, ಸೊಳ್ಳೆ. ಗಾಳಿಯಿಲ್ಲ, ಮರವಿಲ್ಲ, ರಸ್ತೆ ಕಾಣುವುದಿಲ್ಲ.

ಬಾಯಿಬಿಟ್ಟು ಹೇಳಿದೆ. ಇಬ್ಬರೂ ನಕ್ಕರು.

ಅತ್ತಿ ಮರದ ಮೇಲೆ ಕೂತ ಮೇಲೆ ಆ ಕಡೆ ಹಂದಿಯ ಸುಳಿವೇ ಇಲ್ಲವಾಯಿತು. ಎಡೆ ತಿಂದು ಹೋದದ್ದೇ ಕೊನೆ, ಕೆಸರು ಗುಂಡಿ ಒಣಗಿತು, ಮರಕ್ಕೆ ಮೆತ್ತಿದ ಕೆಸರು ಸಿಪ್ಪೆ ಎದ್ದು ಉದುರಿತು. ಮಾವ ಊರೆಲ್ಲ ಸಾರಿಕೊಂಡು ಬಂದರು, "ಎದ್ರಿ ಓಡೋಯ್ತು ಕಣ್ರಯ್ಯ" ಎಂದು. ನನಗೂ ಒಂದಿಷ್ಟು ಸಮಾಧಾನವಾಯಿತು. ಅಂಚಿನಿಂದ ನೋಡಿದರೆ ಜೋಳ ಗೋಡೆ ಕಟ್ಟಿದ ಹಾಗೆ ನೆಟ್ಟಗೆ ನಿಂತಿತ್ತು. ಆದರೂ ಮನಸ್ಸು ತಡೆಯದೆ ಒಂದು ದಿನ ಸಾಲಿನೊಳಗೆ ನುಗ್ಗಿ ಹೋದೆ. ಒಳಗೆ ಹೊಲವೇ ಇರಲಿಲ್ಲ. ನಡುವೆ ಒಂದು ಕಣದಷ್ಟು ಜಾಗ ಮಟ್ಟಸವಾಗಿ ಮಲಗಿತ್ತು, ತೆನೆಯ ಸಿಪ್ಪೆ, ಜೊಲ್ಲು, ಲದ್ದಿ. ಹಂದಿ ಸುತ್ತು ಬಳಸಿ ಇನ್ನೊಂದು ದಾರಿಯಲ್ಲಿ ಬಂದು, ಹೊರಗೋಡೆ ಹಾಗೇ ಬಿಟ್ಟು, ಒಳಗೆ ನೆಮ್ಮದಿಯಾಗಿ ಕೂತು ತಿಂದಿತ್ತು.

ಮನೆಗೆ ಬಂದು ಮಾವನ ಮುಂದೆ ಕೂಗಾಡಿಬಿಟ್ಟೆ. ಸೊಸೆ ಮಾವನ ಮುಂದೆ ಹಾಗೆಲ್ಲ ಕೂಗಾಡುವಂತಿಲ್ಲ. ಕೂಗಾಡಿದೆ. "ನಿಮಗೆ ಹಂದಿ ನೋಡೋ ಆಸೆ, ನಿಮ್ಮ ಮಗನಿಗೆ ಮರ ಹತ್ತೋ ಆಸೆ. ನನ್ನ ಜೋಳ ಯಾರಿಗೂ ಬೇಕಾಗಿಲ್ಲ. ನನ್ನ ಮಗಳು ನನ್ನ ಕೈಯಿಂದ ಒಂದು ತುತ್ತು ತಿನ್ನಲ್ಲ, ಅದೂ ಯಾರಿಗೂ ಬೇಕಾಗಿಲ್ಲ!" ಮಾವ ಹೆಗಲ ಮೇಲಿನ ಟವಲ್ಲು ಕೊಡವಿ ಎದ್ದು ಹೊಲಕ್ಕೆ ಹೋದರು. ಒಂದು ಹಿಡಿ ಬೂದಿ ಹಿಡಿದು ದಿಣ್ಣೆಯ ಮೇಲೊಮ್ಮೆ, ಅತ್ತಿ ಮರದ ಹತ್ತಿರ ಒಮ್ಮೆ ತೂರಿ ನೋಡುತ್ತಿದ್ದುದನ್ನು ಹಿತ್ತಲಿನಿಂದ ಕಂಡೆ. ಬೂದಿ ಎರಡು ಸಲವೂ ಮೂಡಲ ಕಡೆಗೇ ಹೋಯಿತು.

ಸಂಜೆ ಕಾಫಿ ಕೊಟ್ಟಾಗ, "ಮೂಡ್ಲ ಮೂಲೇಲಿ ಕಟ್ಬೇಕು ಕಣವ್ವ. ಬ್ಯಾಟೆ ಅಂದ್ಮೇಲೆ ಮದ್ಲು ಗಾಳಿ ನೋಡ್ಬೇಕು," ಎಂದು ನನಗೇ ಪಾಠ ಹೇಳಿದರು. ಲೋಟವನ್ನು ಕುಕ್ಕಿ ಇಟ್ಟು ಒಳಗೆ ಬಂದೆ.

ಆ ಮೂಲೆಯಲ್ಲಿ ಮರವಿಲ್ಲ. ನೆಲದಿಂದಲೇ ಎಬ್ಬಿಸಬೇಕು, ಉದ್ದನೆಯ ಗಟ್ಟಿ ಗಳ ಬೇಕು. ಪಕ್ಕದ ತೋಪಿನವರ ಜೊತೆ ಬದುವಿನ ಜಗಳ, ಅವರನ್ನು ಕೇಳುವಂತಿಲ್ಲ. ಮಾರನೆಯ ದಿನ ಭಾನುವಾರ. ಹಿತ್ತಲ ಕಡೆಯಿಂದ ಧಡಧಡ ಸದ್ದು ಕೇಳಿ ಓಡಿಹೋಗಿ ನೋಡಿದರೆ ಮಾವ ಬ್ಯಾರನ್ನಿನೊಳಗೆ ಏಣಿ ಹಾಕಿ ನಿಂತಿದ್ದಾರೆ. ಆ ವರ್ಷದ ಕೊನೆಯ ಬೆಂಕಿ ಆರಿ ಸೊಪ್ಪು ಇಳಿಸಿ ಆಗಿತ್ತು. ಒಳಗೆ ಅಡ್ಡಡ್ಡ ಕೂರಿಸಿದ್ದ ನೀಲಗಿರಿ ಗಳಗಳನ್ನು ಒಂದೊಂದಾಗಿ ಕಿತ್ತು ಕೆಳಗೆ ಹಾಕುತ್ತಿದ್ದಾರೆ. ಆ ಗಳಗಳ ಮೇಲೆಯೇ ಸೊಪ್ಪಿನ ಕಡ್ಡಿ ಜೋಡಿಸುವುದು. ಅವಿಲ್ಲದಿದ್ದರೆ ಬ್ಯಾರನ್ ಬರೀ ನಾಲ್ಕು ಗೋಡೆ.

ಗಂಡ ಗಾಬರಿಯಾಗಿ, "ಅಪ್ಪ, ಮುಂದಿನ ವರ್ಷಕ್ಕೆ?" ಎಂದರು.

"ಮುಂದ್ಲ ವರ್ಸದ ಮಾತು ಮುಂದ್ಲ ವರ್ಸಕ್ಕೆ. ಹಂದಿ ಇವತ್ತು ಬತ್ತದೆ. ಇಡ್ಕೊಳ್ಳಾ ಆ ತುದಿಯ!"

ಸೆರಗು ಸಿಕ್ಕಿಸಿಕೊಂಡು ಗಳದ ಇನ್ನೊಂದು ತುದಿಗೆ ನಾನೂ ಹೆಗಲು ಕೊಟ್ಟೆ.

ಪೂಜೆ ಬಿಡಲಿಲ್ಲ, ಬಿಡುವವರೂ ಅಲ್ಲ. ಈ ಸಲ ನಾನು ಬೇರೆ ದಾರಿ ಹಿಡಿದೆ. "ಎಡೆ ಇಡಿ ಮಾವ, ಹಂದಿ ಈಗ ಬರೋ ಜಾಡಿನ ಹತ್ರ ಇಡಿ. ಆದ್ರೆ ದೇವರೊಬ್ಬನ್ನೇ ಯಾಕೆ ಕೂರಿಸೋದು, ನಾವೂ ಜೊತೆಗಿರೋಣ," ಎಂದೆ. ಮಾವ ತಲೆ ಕೆರೆದುಕೊಂಡರು. ಪದ್ಧತಿಯೋ ಹಂದಿಯೋ ಎಂದು ಅಳೆದೂ ಸುರಿದೂ ಕೊನೆಗೆ ಹಂದಿಯ ಕಡೆಗೆ ವಾಲಿದರು. ಮಗಳನ್ನು ಗಂಡನ ಹತ್ತಿರ ಬಿಟ್ಟು ನಾನೂ ಹೊರಟೆ. ಬೀಡಿ ಕಟ್ಟನ್ನು ಅವರ ಜೇಬಿನಿಂದ ಕಿತ್ತು ಮನೆಯಲ್ಲೇ ಇಟ್ಟೆ. ಸೊಳ್ಳೆ ಕಚ್ಚಿಸಿಕೊಂಡು, ಮಾತಿಲ್ಲದೆ, ಬೆಳಗಾಗುವವರೆಗೆ ಕೂತೆವು.

ಮೂಡಲು ತಿಳಿಯಾಗುವ ಹೊತ್ತಿಗೆ ಬಂತು. ಗಾಳಿ ಅದರ ಕಡೆಯಿಂದ ನಮ್ಮ ಕಡೆಗೆ ಬೀಸುತ್ತಿತ್ತು, ಕೆಸರಿನ ಗಬ್ಬು ವಾಸನೆ ಮೊದಲು ಬಂತು, ಆಮೇಲೆ ಹಂದಿ. ಎಮ್ಮೆ ಕರುವಿನಷ್ಟು ಎತ್ತರ, ಬೆನ್ನುದ್ದಕ್ಕೂ ನಿಂತ ಕೂದಲು, ದಾಡೆ. ನಾವಿರುವುದು ಅದಕ್ಕೆ ಗೊತ್ತೇ ಇಲ್ಲ. ಕಾಯಿ ಹೋಳನ್ನು ಕಟಕಟ ಅಗಿಯಿತು. ನಾನು ಮಾವನ ಕೈ ನೋಡಿದೆ. ಒಂದು ಕೈಯಲ್ಲಿ ಪಟಾಕಿ, ಇನ್ನೊಂದರಲ್ಲಿ ಬೆಂಕಿಪೊಟ್ಟಣ. ಗೀರಲೊಲ್ಲರು. ಬಾಯಿ ತೆರೆದು ನೋಡುತ್ತಲೇ ಇದ್ದಾರೆ. ಹಂದಿ ಬಾಳೆಹಣ್ಣು ಮುಗಿಸಿತು, ಕಡಲೆ ಮುಗಿಸಿತು, ನಿಧಾನವಾಗಿ ಹೊಲದ ಕಡೆ ತಿರುಗಿ ನನ್ನ ಒಂದು ತೆನೆಗೂ ಬಾಯಿ ಹಾಕಿತು. ಇವರು ಕದಲಲಿಲ್ಲ. ನನಗೆ ತಡೆಯಲಾಗಲಿಲ್ಲ. ಜೊತೆಗೆ ತಂದಿದ್ದ ತಗಡಿನ ಡಬ್ಬವನ್ನು ಎತ್ತಿ ಗಳಕ್ಕೆ ದಬದಬ ಬಡಿದು ಕಿರುಚಿದೆ. ಹಂದಿ ಒಂದೇ ನೆಗೆತಕ್ಕೆ ಹಳ್ಳ ಹಾರಿತು.

ಮಾವ ನನ್ನ ಕಡೆ ತಿರುಗಿದರು. ಅವರ ಕಣ್ಣು ಒದ್ದೆಯಾಗಿತ್ತು. "ಎಂತಾ ಹಂದಿ ಕಣವ್ವ... ಇನ್ನೊಂದು ಗಳಿಗೆ ಬುಡಬಾರದಿತ್ತಾ?" ಎಂದರು.

ಏನು ಹೇಳಬೇಕು ಇಂಥವರಿಗೆ? ಆಮೇಲೆ ಹಂದಿ ಬಂದಾಗಲೆಲ್ಲ ಮಾವ ಮನಸಾರೆ ನೋಡಿ, ಅದು ತೆನೆಗೆ ಬಾಯಿ ಹಾಕಿದ ಮೇಲೆಯೇ ಪಟಾಕಿ ಹಚ್ಚುತ್ತಿದ್ದರು. ಕಟಾವಿನ ಹೊತ್ತಿಗೆ ಅರ್ಧ ಬೆಳೆ ಉಳಿದಿತ್ತು. ಪೂರ್ತಿ ಅಂತ ಮಾತಾಗಿತ್ತು, ಅರ್ಧ ಬಂದಿತ್ತು. ಮಾವ ಅದರ ಸುದ್ದಿ ಎತ್ತಲಿಲ್ಲ. ನಾನೂ ಎತ್ತಲಿಲ್ಲ, ಆದರೆ ಸೋತಿದ್ದೇನೆ ಎಂದು ಮನಸ್ಸಿಗೆ ಗೊತ್ತಿತ್ತು. ಜೋಳ ಒಣಗಿಸುವಾಗಲೆಲ್ಲ ಕೈ ನೋಡಿಕೊಳ್ಳುವೆ. ಅಂಟು ಆಗತಾನೇ ಬಿಡುತ್ತಿತ್ತು. ಇನ್ನು ಕೆಲವೇ ತಿಂಗಳು, ಮತ್ತೆ ಹತ್ತುತ್ತದೆ ಎಂದುಕೊಳ್ಳುವೆ.

ಬೇಸಿಗೆ ಬಂತು. ಊರಿನಲ್ಲಿ ಎಲ್ಲರೂ ಹೊಗೆಸೊಪ್ಪಿನ ಸಸಿ ಮಡಿ ಮಾಡತೊಡಗಿದರು. ಒಂದು ಶನಿವಾರ ಗಂಡ ಊಟಕ್ಕೆ ಕೂತು, "ಅಪ್ಪ, ಮೂಡ್ಲ ಮೂಲೆ ಗಳ ತಂದು ಬ್ಯಾರನ್ಗೆ ವಾಪಸ್ ಹಾಕ್ಬೇಕಲ್ಲ. ಬಿಚ್ಚೋಣವಾ ನಾಳೆ?" ಎಂದರು. ನಾನು ಮುದ್ದೆ ಹಾಕುತ್ತಿದ್ದವಳು ಹಾಗೇ ನಿಂತೆ.

ಮಾವ ತಟ್ಟೆಯಿಂದ ತಲೆ ಎತ್ತಿದರು. "ಅಟ್ಟಣೆ ಬಿಚ್ಚೋದಾ? ಅಂತಾ ಜಾಗ ಇನ್ನೆಲ್ಲಿ ಸಿಕ್ತದ್ಲಾ? ಮುಟ್ಟುದ್ರೆ ನೋಡು!"

"ಹಂಗಾದ್ರೆ ಹೊಸ ಗಳ ತರ್ಬೇಕು."

"ಹೊಸ ಗಳ ಯಾಕೆ? ಎಲ್ಲಾ ಹೊಲಕ್ಕೂ ಜೋಳನೇ ಹಾಕಿ. ಜೋಳ ಇದ್ರೆ ತಾನೇ ಅದು ಬರಾದು?"

ನನ್ನ ಕೈ ಅಲ್ಲ, ನನ್ನ ವಾಂತಿಯಲ್ಲ, ನನ್ನ ಕಣ್ಣೀರೂ ಅಲ್ಲ. ಹಂದಿ! ಒಂದು ಹಂದಿ ನೋಡುವುದಕ್ಕೋಸ್ಕರ ಆ ಮನುಷ್ಯ ತಲೆಮಾರಿನ ಹೊಗೆಸೊಪ್ಪು ಬಿಟ್ಟರು. ಸಿಟ್ಟು ಬಂತು, ನಗು ಬಂತು, ಎರಡನ್ನೂ ನುಂಗಿಕೊಂಡು ಅವರ ತಟ್ಟೆಗೆ ಇನ್ನೊಂದು ಮುದ್ದೆ ಹಾಕಿದೆ.

ಆ ಮಳೆಗಾಲದಲ್ಲಿ ನಮ್ಮ ಮನೆಯ ಹಿಂದೆ ಹೊಗೆ ಏಳಲಿಲ್ಲ. ಒಂದು ಸಂಜೆ ಅನ್ನ ಕಲೆಸಿ ಮಗಳ ಮುಂದೆ ಕೂತೆ. ಅಷ್ಟರಲ್ಲಿ ಅವಳು ತನ್ನ ಕೈಯಲ್ಲಿ ತಾನೇ ಉಣ್ಣುವುದನ್ನು ಕಲಿತುಬಿಟ್ಟಿದ್ದಳು. "ನಾನೇ ತಿಂತೀನಿ" ಎಂದು ತಟ್ಟೆ ಎಳೆದುಕೊಂಡಳು. ಬಿಡಲಿಲ್ಲ, ಬಲವಂತವಾಗಿ ಒಂದು ತುತ್ತು ಇಟ್ಟೆ. ಅಗಿದಳು. ನನ್ನ ಮುಖ ನೋಡಿದಳು. ಉಗುಳಲಿಲ್ಲ. ಇನ್ನೊಂದಕ್ಕೆ ಬಾಯಿ ತೆರೆದಳು.

ಅಷ್ಟರಲ್ಲಿ ಕೆಳಗಿನ ಹೊಲದಿಂದ ಮಾವ ಕೂಗಿದರು. "ಅವ್ವಾ, ಈ ವರ್ಸ ಗಾಳಿ ಒಸಿ ತಿರುಗ್ದಂಗೈತೆ! ಅಟ್ಟಣೆ ಸರಿಸ್ಬೇಕು, ಒಂದ್ ಕಾಯ್ ತಗೊಂಡ್ ಬಾ!"

"ಬಂದೆ ಮಾವ, ಕೈಯಲ್ಲಿ ಅನ್ನ ಇದೆ," ಎಂದು ಕೂಗಿ ಹೇಳಿ, ಅಲ್ಲೇ ಕೂತಿದ್ದೆ.